ಸ್ಮಾರಕದ ಮುಂದೆ ಕೇಳಿದ ತುಳು ಮಾತು

ಕಳೆದ ವರ್ಷ ದೀಪಾವಳಿ ರಜೆಯಲ್ಲಿ ನಡೆದದ್ದು. ಅತ್ತೆಯನ್ನು ಬಿಜೈಯ ನಮ್ಮ ಮನೆಯಿಂದ ಕದ್ರಿ ಕಡೆಗೆ ವಾಕಿಂಗ್ ಕರೆದುಕೊಂಡು ಹೋಗಿದ್ದೆ. ಮಂಡಿನೋವೆಂದು ಅವರು ಯುದ್ಧ ಸ್ಮಾರಕದ ಹತ್ತಿರ ಕುಳಿತರು.

ಅಲ್ಲಿ ಅರವತ್ತು ದಾಟಿದ ಒಬ್ಬರು ನೆಟ್ಟಗೆ ನಿಂತು ಸ್ಮಾರಕಕ್ಕೆ ಸೆಲ್ಯೂಟ್ ಹೊಡೆದರು. ಆಮೇಲೆ ಗಟ್ಟಿಯಾಗಿ, "ಒಣಸ್ ಆಂಡಾ?" ಎಂದರು. ತುಳುವಿನಲ್ಲಿ ಅದಕ್ಕೆ 'ಊಟ ಆಯಿತಾ?' ಎಂದು ಅರ್ಥ. ನಾನು ತಬ್ಬಿಬ್ಬಾದೆ. ತನ್ನನ್ನೇ ಕೇಳಿದರೆಂದುಕೊಂಡ ಅತ್ತೆ ಮಾತ್ರ ಆರಾಮವಾಗಿ, "ಆಂಡ್. ಇರೆನ?" ಎಂದರು. ಅಂದರೆ, ಆಯಿತು, ನಿಮ್ಮದು?

ಸೆಲ್ಯೂಟ್ ಹೊಡೆದವರು ಬೆಚ್ಚಿ ತಿರುಗಿದರು. ಅವರಿಗೆ ತುಳುವೂ ಬಾರದು, ಕನ್ನಡವೂ ಬಾರದು. ಹಿಂದಿಯಲ್ಲಿ ಮಾತಾಡಿಸಿದೆ. ನಾಗಪುರದ ನಿವೃತ್ತ ಸೈನಿಕರಂತೆ. ಮಗಳ ಹೆರಿಗೆಗೆಂದು ಫಳ್ನೀರಿನ ಆಸ್ಪತ್ರೆಗೆ ಬಂದಿದ್ದರು. ಅವರ ರೆಜಿಮೆಂಟಿನಲ್ಲಿ ಕುದ್ರೋಳಿಯ ಮೀನುಗಾರರ ಮನೆಯ ಗೆಳೆಯನೊಬ್ಬನಿದ್ದ. ದಿನಾ ಈ ಮಾತು ಹೇಳುತ್ತಿದ್ದನಂತೆ. ಅರ್ಥ ಕೇಳಿದರೆ, ಇದು ನಮ್ಮೂರಿನ ಜೈಹಿಂದ್ ಎನ್ನುತ್ತಿದ್ದನಂತೆ. ಇವರೂ ಅದನ್ನೇ ತಿರುಗಿ ಹೇಳುತ್ತಿದ್ದರು. ಅವನು ಯುದ್ಧದಲ್ಲಿ ಮಡಿದ. ರೆಜಿಮೆಂಟಿನ ಸ್ಮಾರಕದಲ್ಲಿ ಅವನ ಹೆಸರಿದೆ, ಆದರೆ ಅದಿರುವುದು ದೂರದ ಬೆಟ್ಟದ ಮೇಲೆ. ಪ್ರತಿ ವರ್ಷ ಹೋಗಿ ಈ ಮಾತು ಹೇಳಿ ಬರುತ್ತಿದ್ದವರಿಗೆ ಈಗ ಬೆಟ್ಟ ಹತ್ತಲು ಆಗುವುದಿಲ್ಲ. ಗೆಳೆಯನ ಊರಿನಲ್ಲೇ ಒಂದು ಸ್ಮಾರಕ ಇದೆಯೆಂದು ತಿಳಿದು ಬಂದಿದ್ದರು.

"ನಿಮ್ಮ ಅಮ್ಮ ಏನೋ ಉತ್ತರ ಕೊಟ್ಟರಲ್ಲ, ಏನದು?" ಎಂದು ಕೇಳಿದರು.

ನಾನು ತಡವರಿಸಿದೆ. ಇಷ್ಟು ವರ್ಷ ಸೆಲ್ಯೂಟ್ ಹೊಡೆದು ಹೇಳಿದ ಮಾತು. ಅರ್ಥ ತಿಳಿದು ಅವರ ಮನಸ್ಸು ಮುರಿದರೆ? ಆದರೂ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಇದ್ದದ್ದನ್ನು ಹೇಳಿದೆ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. "ದಿನಾ ನನ್ನ ಊಟ ವಿಚಾರಿಸುತ್ತಿದ್ದ. ನಾನು ಒಂದು ದಿನವೂ ಉತ್ತರ ಕೊಡಲಿಲ್ಲ."

ಉತ್ತರವನ್ನು ನನ್ನಿಂದ ಹೇಳಿಸಿ ಕಲಿತರು. ಸ್ಮಾರಕದ ಕಡೆ ತಿರುಗಿ, ಈ ಸಲ ಕೈ ಎತ್ತದೆ, ಮೆಲ್ಲಗೆ "ಆಂಡ್" ಎಂದರು.

ನನ್ನಿಂದ ವಿಷಯವೆಲ್ಲ ಕೇಳಿದ ಅತ್ತೆ, ಅವರ ಊಟ ಆಗಿದೆ ಎಂಬುದನ್ನು ಮಾತ್ರ ನಂಬಲಿಲ್ಲ. ತುಳು ಬಾರದವರ ಹತ್ತಿರ ಕನ್ನಡ ಮಾತಾಡಬೇಕು ಎನ್ನುವುದು ಅವರ ಲೆಕ್ಕ. "ಎಂತ ಆದದ್ದು? ಮುಖ ನೋಡಿದ್ರೆ ಗೊತ್ತಾಗ್ತದೆ. ಮನೆಗೆ ಬನ್ನಿ ಮಾರಾಯ್ರೆ, ಬಂಗುಡೆ ಗಸಿ ಉಂಟು" ಎಂದರು. ಆಸ್ಪತ್ರೆಯ ಓಡಾಟದಲ್ಲಿ ಅವರು ನಿಜವಾಗಿಯೂ ಬೆಳಗ್ಗಿನಿಂದ ಏನೂ ತಿಂದಿರಲಿಲ್ಲ. ಆ ಸಂಜೆ ನಮ್ಮ ಮನೆಯಲ್ಲೇ ಮೀನು ಸಾರಿನಲ್ಲಿ ಹೊಟ್ಟೆ ತುಂಬ ಉಂಡರು.

ಮೊಮ್ಮಗಳು ಹುಟ್ಟಿದಳು, ಅವರು ಊರಿಗೆ ಮರಳಿದರು. ಈಗಲೂ ಆಗಾಗ ಅತ್ತೆಗೆ ಫೋನ್ ಮಾಡಿ "ಒಣಸ್ ಆಂಡಾ?" ಎನ್ನುತ್ತಾರೆ. ಅತ್ತೆ ಬೆಳಗ್ಗಿನಿಂದ ತಿಂದದ್ದನ್ನೆಲ್ಲ ಒಂದೊಂದಾಗಿ ವಿವರಿಸುತ್ತಾರೆ. ಅವರಿಗೆ ಒಂದಕ್ಷರವೂ ಅರ್ಥವಾಗುವುದಿಲ್ಲ, ಆದರೂ ಕೊನೆಯವರೆಗೆ ಕೇಳುತ್ತಾರೆ. ಪಕ್ಕದಲ್ಲಿ ನಿಂತ ನನಗೆ, ನಾನೆಂದೂ ನೋಡಿರದ ಆ ಕುದ್ರೋಳಿಯ ಹುಡುಗ ನಮ್ಮ ಮನೆಯವನೇ ಅನ್ನಿಸುತ್ತದೆ.