ಹಾಸುಗಲ್ಲಿಗೆ ಮುಳ್ಳು ಹಾಕಿದ ಗುತ್ತೆವ್ವ

ತಿಳವಳ್ಳಿ ಸುತ್ತಿನ ಊರುಗಳಲ್ಲಿ ಗುತ್ತೆವ್ವನ ಕೂಗು ಕೇಳಿದರೆ ಹೆಂಗಸರು ಬೀಸುಕಲ್ಲನ್ನು ಅಂಗಳಕ್ಕೆ ಉರುಳಿಸುತ್ತಿದ್ದರು. ಬೀಸಿ ಬೀಸಿ ನುಣುಪಾದ ಕಲ್ಲಿನ ಮೇಲೆ ಚಾಣವಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ಬಡಿದು ಅವಳು ಮತ್ತೆ ತರಿ ಎಬ್ಬಿಸುತ್ತಿದ್ದಳು. ಮುಳ್ಳು ಹಾಕುವುದು ಎಂದರೆ ಇದೇ. ಅವಳ ಕೈಯಲ್ಲಿ ಕಲ್ಲು ಒಡೆದದ್ದನ್ನು ಯಾರೂ ಕಂಡಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಊರೂರಿಗೆ ಹಿಟ್ಟಿನ ಗಿರಣಿ ಬಂತು. ಕೂಗಿದರೂ ಬಾಗಿಲು ತೆರೆಯುವವರಿಲ್ಲ. ಗಂಡ ನೀಲಪ್ಪ ಅಕ್ಕಿಆಲೂರಿನ ಅಕ್ಕಿ ಗಿರಣಿಯಲ್ಲಿ ಅವಳಿಗೆ ಹೊಟ್ಟು ತುಂಬುವ ಕೆಲಸ ಗೊತ್ತು ಮಾಡಿದ. ಹೊಟ್ಟಿನ ಧೂಳು ಅವಳಿಗೆ ಮೊದಲಿನಿಂದಲೂ ಆಗದು, ಕೆಮ್ಮು ಬರುತ್ತಿತ್ತು. ಕಸುಬು ಬಿಡುವುದು ಅದಕ್ಕಿಂತ ದೊಡ್ಡ ಸಂಕಟ. ಆದರೂ ಒಂದು ಬೆಳಿಗ್ಗೆ ಹೊರಟಳು. ಚಾಣ, ಸುತ್ತಿಗೆಯ ಚೀಲ ಮಾತ್ರ ಹೆಗಲಿನಿಂದ ಇಳಿಯಲಿಲ್ಲ.

ಬಸ್ಸು ನಿಲ್ಲುವಲ್ಲೇ ಹಳ್ಳದ ಮೋರಿ. ಹಿಂದಿನ ವರ್ಷದ ನೆರೆಯಲ್ಲಿ ಅದು ರಸ್ತೆಯ ಸಮೇತ ಕುಸಿದಿತ್ತು. ಈಗ ಅದರ ಬಾಯಿ ಅಗಲ ಮಾಡಿ, ನೀರು ಬೀಳುವ ಕಡೆ ಗೌಂಡಿ ಪರಮೇಶಪ್ಪ ಕನ್ನಡಿಯಂಥ ಕಲ್ಲು ಹಾಸಿದ್ದ. ಇಂಜಿನಿಯರ್ ಸಾಹೇಬರು ಅವನ ಬೆನ್ನು ತಟ್ಟಿದರು.

"ಛಂದ ಆಗೇತಿ ಪರಮೇಶಪ್ಪ. ಆದ್ರ ಹೋದ ವರ್ಷ ಹಿಂಗ ನುಣುಪು ಇದ್ದುದಕ್ಕ ನೀರು ಜಾರಿ ಓಡಿ ತುದೀಗೆ ಮಣ್ಣು ಕೊರೀತು. ನೀರು ಇಲ್ಲೇ ಮುಗ್ಗರಿಸಿ ಸುಸ್ತಾಗಬೇಕು. ಒರಟು ಮಾಡು."

ಪರಮೇಶಪ್ಪ ಅರೆಮನಸ್ಸಿನಿಂದ ಒಂದು ಏಟು ಹಾಕಿದ. ಕಲ್ಲು ಎರಡು ಹೋಳಾಯಿತು.

"ಯಪ್ಪಾ, ಅದೇನು ಹಾವ ಐತೇನು, ಹಂಗ ಬಡೀತಿ!" ಎಂದು ಬಸ್ಸಿಗೆ ಕಾಯುತ್ತಿದ್ದ ಗುತ್ತೆವ್ವ ಮೇಲಿನಿಂದಲೇ ಕೂಗಿದಳು.

"ಹಂಗಾರ ನೀನ ಬಾರಬೇ, ತೋರಸು!"

ಅವಳು ಇಳಿದಳು. ಬಸ್ಸು ಬಂತು, ಹೋಯಿತು. ಅವಳ ಚಾಣದ ಕೆಳಗೆ ಕಲ್ಲಿನ ಮೈ ಹಲಸಿನ ಸಿಪ್ಪೆಯಂತೆ ಎದ್ದಿತು, ಬಿರುಕೊಂದೂ ಇಲ್ಲ. ಸಾಹೇಬರು ಅಂಗೈ ಸವರಿ ನೋಡಿ, ಹಾಸುಗಲ್ಲಿನ ಕೆಲಸವನ್ನೆಲ್ಲ ಅವಳಿಗೇ ಒಪ್ಪಿಸಿದರು.

ನೆರೆಮನೆಯ ಬಿಬಿಜಾನ ನೀರಿಗೆ ಬಂದವಳು ಕೊಡ ಇಳಿಸಿ ನಕ್ಕಳು. "ಗುತ್ತೆವ್ವಾ, ಇಷ್ಟ ದೊಡ್ಡ ಬೀಸುಕಲ್ಲಿನಾಗ ಯಾರ ಮನಿ ಜ್ವಾಳಾ ಬೀಸಾಕಿ?"

"ನಿಮ್ಮ ಮನೀದ! ಬೀಸೂದು ಹಳ್ಳದವ್ವ, ಪದಾ ಹಾಡೂದು ನೀನು!"

ನೀಲಪ್ಪ ಸಂಜೆ ಬಂದು ನೋಡಿ ಮುಖ ಸಪ್ಪೆ ಮಾಡಿದ. "ಇದು ಮುಗದ ಮ್ಯಾಲ?"

ಗುತ್ತೆವ್ವ ಮುಂದಿನ ಕಲ್ಲಿಗೆ ಚಾಣವಿಟ್ಟಳು. ಅವಳಿಗೂ ಅದೇ ಚಿಂತೆ.

ಶ್ರಾವಣದಲ್ಲಿ ಮಳೆ ಹಗಲಿರುಳು ಹೊಡೆಯಿತು. ಮಳೆ ಸಣ್ಣಗಾದ ಬೆಳಿಗ್ಗೆ ಊರೆಲ್ಲ ಹಳ್ಳದ ದಂಡೆಗೆ ಬಂದು ನಿಂತಿತು. ಕೆಂಪು ನೀರು ಮೋರಿಯಿಂದ ಗೂಳಿಯಂತೆ ನುಗ್ಗಿ, ಮುಳ್ಳುಗಲ್ಲಿನ ಮೇಲೆ ನೊರೆನೊರೆಯಾಗಿ ಒದ್ದಾಡಿ, ತುದಿ ಮುಟ್ಟುವಷ್ಟರಲ್ಲಿ ಹಸುವಿನಂತೆ ಹರಿಯಿತು. ಒಂದು ಕಲ್ಲೂ ಅಲ್ಲಾಡಲಿಲ್ಲ. ಹಾನಗಲ್ಲಿನ ಬಸ್ಸು ನಿಧಾನಕ್ಕೆ ದಾಟಿದಾಗ ಜನ ಹೋ ಎಂದು ಕೇಕೆ ಹಾಕಿದರು.

ಅದೇ ಬಸ್ಸಿನಿಂದ ಪರಮೇಶಪ್ಪ ಇಳಿದ. "ಸಾಹೇಬ್ರು ಹೇಳಿ ಕಳಸ್ಯಾರವಾ. ಹಿರೇಕೆರೂರ ರಸ್ತೇದ ಮೋರಿಗೂ ನೀನ ಬೇಕಂತ."

"ನುಣ್ಣಗ ಮಾಡಿ ಇಟ್ಟೀಯೇನು ಮತ್ತ?"

"ಇಲ್ಲಬೇ, ಮುಟ್ಟಿಲ್ಲ ಇನ್ನ. ಆಣಿ!"

ಗುತ್ತೆವ್ವ ನಗುತ್ತ ಗಂಡನ ಕಡೆ ತಿರುಗಿದಳು. "ನೋಡ್ರಿ, ಅಕ್ಕಿ ಗಿರಣಿಯವ್ರಿಗೆ ಹೇಳಿಬಿಡ್ರಿ. ಬೇಕಾದ್ರ ನೀವ ಹೋಗಿ ಹೊಟ್ಟು ತುಂಬ್ರಿ. ನನಗ ಬಿಡುವಿಲ್ಲ."