ನಡುಗೋಡೆ

ಮೂಗಿನ ತುದಿಯಲ್ಲೇ ಸಿಟ್ಟಿರುವ ಬೇಕರಿಯವನು ತಂಗಿಯೊಡನೆ ಜಗಳವಾಡಿ ಅಮ್ಮನ ಮನೆಯ ನಡುವೆ ಗೋಡೆ ಎಬ್ಬಿಸಿದ್ದ. ಅಂದಿನಿಂದ ಒಬ್ಬನೇ ಉಣ್ಣುತ್ತಿದ್ದ, ಒಲೆಯೊಡನೆ ಮಾತಾಡುತ್ತಿದ್ದ. ಗೋಡೆಯಾಚೆ ಇದ್ದ ಅವಳಿಗೆ ಕೇಳಲೆಂದೇ ಹಿಟ್ಟಿನ ಮುದ್ದೆಯನ್ನು ಗೋಡೆ ಪಕ್ಕದ ಕಲ್ಲಿನ ಮೇಲೆ ಧಡಧಡ ಬಡಿಯುತ್ತಿದ್ದ.

ತಂಗಿ ಕಾಲೇಜಿನಲ್ಲಿ ಪಾಠ ಹೇಳುವವಳು. ಪಾಠಕ್ಕೆ ಯೀಸ್ಟ್ ಬೇಕೆಂದು ಅವಳು ಹೇಳಿಕಳಿಸಿದಾಗ, ಮಾತು ಕೂಡೀತೆಂಬ ಆಸೆಯಿಂದ ಕಾಲೇಜಿಗೆ ತಾನೇ ಒಯ್ದ. ಅವಳು ಅದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದಳು.

"ಅಬ್ಬಾ, ಎಷ್ಟು ದುಂಡಗಿದೆಯೇ!"

"ಅದು ಗಾಳಿಗುಳ್ಳೆ ಅಣ್ಣ! ಪಕ್ಕದಲ್ಲಿ ನೋಡು. ತಾಯಿ ಕೋಶದ ಮೈಯಲ್ಲಿ ಮೊಗ್ಗು ಬಂದಿದೆ. ಬೆಳೀತಾ ಬೆಳೀತಾ ತನ್ನ ಗೋಡೆ ತಾನೇ ಕಟ್ಕೊಳ್ಳುತ್ತೆ. ಆಮೇಲೆ ಎರಡರ ನಡುವೆ ಅಡ್ಡಗೋಡೆ ಎದ್ದು ಬೇರೆಯಾಗ್ತವೆ."

"ಗೋಡೆ ಏಳದಿದ್ರೆ?"

"ಬೇರೆಯಾಗುವಾಗ ಕೋಶ ಒಡೆದು, ಒಳಗಿರೋದೆಲ್ಲ ಸೋರಿಹೋಗುತ್ತೆ. ಗೋಡೆ ಬೇಕೇ ಬೇಕು. ಬೇರೆಯಾದ ಗಾಯದ ಗುರುತು ಮಾತ್ರ ತಾಯಿ ಮೈಮೇಲೆ ಉಳಿಯುತ್ತೆ."

ಅವನು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದ. "ನಮ್ಮ ಗೋಡೆಗೊಂದು ಬಾಗಿಲು ಇಡಿಸ್ಲೇನೇ?"

ಅಷ್ಟರಲ್ಲಿ ವಿದ್ಯಾರ್ಥಿಗಳು ನುಗ್ಗಿದರು. ಅವಳು ಪಾಠ ಶುರುಮಾಡಿದಳು.

ಸಂಜೆ ಹಿಟ್ಟು ನಾದುವಾಗ ಕೈ ಮೇಲೇಳಲಿಲ್ಲ. ಸದ್ದಿಲ್ಲದೆ ಮುದ್ದೆಯನ್ನು ಮಡಚುತ್ತಾ ಕುಳಿತ. ಮನೆ ಎಂದಿಗಿಂತ ಖಾಲಿಯಾಗಿತ್ತು.

ಗೋಡೆಯಾಚೆಯಿಂದ ದನಿ ಬಂತು: "ಅಣ್ಣಾ, ಇವತ್ತು ಬಡಿತಾನೇ ಇಲ್ಲ, ಹುಷಾರಾಗಿದ್ದೀಯಾ?"