ಒಂಬತ್ತು ನಂಬರ್ ತಡೆದಾನ

ಕಾಕಾರ ಎಡಗಿವಿ ಬಲಗಿವಿಗಿಂತ ಚಪ್ಪಟೆಯಾಗಿ ತಲೆಗೆ ಅಂಟಿಕೊಂಡಂತಿತ್ತು. ಮೈಕಿನಲ್ಲಿ ಮಾತಾಡುವಾಗ ಎಡ ಅಂಗೈಯಿಂದ ಆ ಕಿವಿಯನ್ನು ಒತ್ತಿ ಹಿಡಿಯುವುದು ಅವರ ರೂಢಿ. ರಾಮದುರ್ಗದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ಇಪ್ಪತ್ತೇಳು ವರ್ಷ ಹಾಗೆ ಒತ್ತಿ ಒತ್ತಿ ಕಿವಿ ಚಪ್ಪಟೆಯಾಯಿತೆಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ನಿಜವಿರಲಿಕ್ಕಿಲ್ಲ. ಹುಟ್ಟಿನಿಂದಲೇ ಹಾಗಿದ್ದಿರಬಹುದು. ಅಥವಾ ಎರಡೂ ಕಿವಿ ಒಂದೇ ಸಮ ಇದ್ದು, ಅಂಗೈ ತೆಗೆದ ಮೇಲೆ ಉಳಿಯುತ್ತಿದ್ದ ಕೆಂಪನ್ನು ನಾನು ಬೇರೆ ರೀತಿ ನೆನಪಿಟ್ಟುಕೊಂಡಿರಬಹುದು. ಅವರು ತೀರಿಕೊಂಡು ಎಂಟು ತಿಂಗಳಾಯಿತು. ಕೇಳಬೇಕೆಂದರೆ ಈಗ ಕಾಕೂ ಇದ್ದಾರೆ. ಗಂಡ ಸತ್ತ ಹೆಂಗಸಿನ ಮುಂದೆ ಕೂತು ಕಿವಿಯ ವಿಷಯ ಹೇಗೆ ಕೇಳುವುದು?

ಊರಿಗೆಲ್ಲ ಅವರು ಕಂಟ್ರೋಲರ್ ಕಾಕಾ. ನಿವೃತ್ತರಾದ ಮೇಲೂ ಮಾತಿನ ಧಾಟಿ ಬದಲಾಗಲಿಲ್ಲ. ಮನೆಗೆ ಯಾರಾದರೂ ಹೋದರೆ ಹೊರಗಿನ ಕಟ್ಟೆಯ ಮೇಲಿಂದಲೇ ಒಳಗೆ ಕೂಗುತ್ತಿದ್ದರು: "ಪ್ರಯಾಣಿಕರ ಗಮನಕ್ಕೆ! ಎರಡು ಕಪ್ ಚಹಾ ಹೊರಡಲು ಸಿದ್ಧವಿದೆ!" ಒಳಗಿನಿಂದ ಕಾಕೂರ ಉತ್ತರ ಬರುತ್ತಿತ್ತು: "ಗಾಡಿ ಲೇಟ್ ಐತಿ. ಹಾಲು ಇನ್ನೂ ಡಿಪೋ ಬಿಟ್ಟಿಲ್ಲ." ಯಾರೇ ಅವಸರ ಮಾಡಲಿ, ಕಾಕಾ "ಕುಂದರ್ರಿ, ಮುಂದಿನ ಗಾಡಿ ಐತಿ" ಅನ್ನುತ್ತಿದ್ದರು. ಒಂದು ಸಾವಿನ ಮನೆಯಲ್ಲೂ ಹಾಗೆ ಅಂದುಬಿಟ್ಟರೆಂದು ಜನ ನಗುತ್ತಿದ್ದರು. ನಾನು ಅಲ್ಲಿರಲಿಲ್ಲ. ಆದ್ದರಿಂದ ಅದನ್ನು ಇಲ್ಲಿ ಸೇರಿಸಬಾರದಿತ್ತು.

ನಮ್ಮ ಕಡೆ ಕುಸ್ತಿ, ಕಬಡ್ಡಿಗೆ ಸೇರುವಷ್ಟು ಜನ ಬಾಸ್ಕೆಟ್‌ಬಾಲಿಗೆ ಸೇರುವುದಿಲ್ಲ. ಆದರೂ ರಾಮದುರ್ಗ, ಸವದತ್ತಿ, ಬೈಲಹೊಂಗಲ, ಕಿತ್ತೂರು, ಈ ನಾಲ್ಕು ಊರಿಗೂ ಒಂದೊಂದು ತಂಡವಿತ್ತು. ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಂದು ಊರಿನ ಸರದಿಯಂತೆ ನಾಲ್ಕೂ ತಂಡಗಳು ಕೂಡುತ್ತಿದ್ದವು. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಇಲ್ಲಿ ಕಾಲೇಜಿಗೆ ಪಾಠ ಹೇಳಲು ಬಂದಾಗ, ಓದಿದವನು ಎಂಬ ಒಂದೇ ಕಾರಣಕ್ಕೆ ನನ್ನನ್ನು ತಂಡದ ಕಾರ್ಯದರ್ಶಿ ಮಾಡಿದರು. ಪತ್ರ ಬರೆಯುವುದು, ಆಟದ ದಿನ ಮೈಕಿನ ಪೆಟ್ಟಿಗೆಯ ಪಕ್ಕ ಕೂತು ಯಾರು ಎಷ್ಟು ಪಾಯಿಂಟ್ ಮಾಡಿದರೆಂದು ಬರೆದುಕೊಳ್ಳುವುದು, ಇಷ್ಟೇ ಕೆಲಸ. ಮೈಕು ಕಾಕಾರ ಕೈಯಲ್ಲಿ.

ಚೆಂಡು ಬುಟ್ಟಿಗೆ ಬಿದ್ದ ತಕ್ಷಣ ಅವರ ಎಡಗೈ ಕಿವಿಗೆ ಹೋಗುತ್ತಿತ್ತು. "ಪ್ರೇಕ್ಷಕರ ಗಮನಕ್ಕೆ! ರಾಮದುರ್ಗ, ಆರು ನಂಬರ್, ಎರಡು ಪಾಯಿಂಟ್!" ಆಟಗಾರರ ಹೆಸರು ಅವರಿಗೆ ಬೇಕಿರಲಿಲ್ಲ. ಅಂಗಿಯ ಮೇಲಿನ ನಂಬರ್ ಸಾಕು. ಚೆಂಡು ಬೀಳದಿದ್ದರೆ ಸುಮ್ಮನಿರುತ್ತಿದ್ದರು.

ಇದರಿಂದ ಒಂದು ತೊಂದರೆ ಇತ್ತು, ಆಗ ಯಾರಿಗೂ ತೊಂದರೆ ಅನ್ನಿಸಿರಲಿಲ್ಲ. ಆಟ ಶುರುವಾಗುವ ಹೊತ್ತಿಗೆ ಮೈದಾನದ ಮೆಟ್ಟಿಲುಗಳ ಮೇಲೆ ಬಿಸಿಲು ಕಾಯುತ್ತಿತ್ತು. ಹಾಗಾಗಿ ತಂಡದ ಹಿರಿಯರಿಗೆ ಪಕ್ಕದ ಶಾಲೆಯ ಪಡಸಾಲೆಯಲ್ಲಿ ಕುರ್ಚಿ ಹಾಕುವುದು ಮೊದಲಿನಿಂದ ಬಂದ ಪದ್ಧತಿ. ಅಲ್ಲಿ ಫ್ಯಾನ್ ಇತ್ತು, ಚುರಮುರಿ ಮಿರ್ಚಿ ಬರುತ್ತಿತ್ತು. ಆದರೆ ಮೈದಾನಕ್ಕೂ ಪಡಸಾಲೆಗೂ ನಡುವೆ ನೀರಿನ ಟಾಕಿ ಅಡ್ಡ. ಹಿರಿಯರು ಆಟ ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ತಂಡದಲ್ಲಿ ಯಾರಿರಬೇಕು, ಯಾರು ಹೋಗಬೇಕು ಎಂದು ತೀರ್ಮಾನಿಸುವವರೂ ಅವರೇ.

ನಮ್ಮ ಒಂಬತ್ತು ನಂಬರಿನವನು ಸಾಲಹಳ್ಳಿಯಿಂದ ಬರುತ್ತಿದ್ದ. ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಕೆಲಸ. ಎತ್ತರವೂ ಇಲ್ಲ, ಓಟವೂ ಅಷ್ಟಕ್ಕಷ್ಟೆ. ಯಾರಾದರೂ ದಣಿದರೆ ಅವರ ಬದಲಿಗೆ ಇವನನ್ನು ಆಟಕ್ಕೆ ಇಳಿಸುತ್ತಿದ್ದರು. ಎದುರು ತಂಡದ ಒಳ್ಳೆಯ ಆಟಗಾರನ ಮುಂದೆ ಮೊಣಕಾಲು ಬಾಗಿಸಿ, ಎರಡೂ ಕೈ ಚಾಚಿ ನಿಂತನೆಂದರೆ ಆ ಆಟಗಾರನಿಗೆ ಆಮೇಲೆ ಬುಟ್ಟಿ ಕಾಣುತ್ತಿರಲಿಲ್ಲ. ನನ್ನ ಪುಸ್ತಕದಲ್ಲಿ ಮಾತ್ರ ಅವನ ಮುಂದೆ ಸೊನ್ನೆ.

ಒಂದು ವರ್ಷ ಬೈಲಹೊಂಗಲದವರು ಅವನನ್ನು ಕರೆದರು. ಊರು ಬಿಟ್ಟು ಊರಿಗೆ ಆಡಬೇಕಾದರೆ ಹಳೆಯ ತಂಡದ ಒಪ್ಪಿಗೆ ಪತ್ರ ಬೇಕು. ಅವನು ಹಿರಿಯರ ಮುಂದೆ ಬಂದು ನಿಂತ.

"ನನಗ ಹೋಗೂ ಮನಸಿಲ್ಲರಿ. ಮೊದಲಿನ ಐದು ಮಂದ್ಯಾಗ ಇಡತೇವಿ ಅಂತ ಒಂದು ಮಾತು ಹೇಳ್ರಿ, ಇಲ್ಲೇ ಇರತೇನಿ."

ತಂಡದ ಅಧ್ಯಕ್ಷರು ಸುತ್ತ ಕೂತವರ ಕಡೆ ತಿರುಗಿದರು. "ಒಂಬತ್ತು ನಂಬರ? ಮೈಕಿನ್ಯಾಗ ಯಾವತ್ತರ ಕೇಳೀರೇನು ಈ ನಂಬರ್?"

ಯಾರೂ ಕೇಳಿರಲಿಲ್ಲ. ನನ್ನನ್ನು ಕೇಳಿದರು. ನಾನು ಪುಸ್ತಕ ತೆರೆದು, ಮೂರು ವರ್ಷದಲ್ಲಿ ಒಂದೂ ಪಾಯಿಂಟ್ ಇಲ್ಲ ಎಂದೆ. ಅದು ನಿಜವಾಗಿತ್ತು. ಬೇರೆ ಏನನ್ನೂ ನಾನು ಹೇಳಲಿಲ್ಲ. "ಹೋಗವಲ್ನ್ಯಾಕ ಬಿಡ್ರಿ" ಎಂದರು ಅಧ್ಯಕ್ಷರು. ಒಪ್ಪಿಗೆ ಪತ್ರವನ್ನು ನಾನೇ ಬರೆದೆ. ಕಾಕಾ ಆ ಸಭೆಯಲ್ಲಿ ಗೋಡೆಗೆ ಒರಗಿ ಕೂತಿದ್ದರೆಂದು ನನ್ನ ನೆನಪು. ಬಂದಿರಲಿಲ್ಲವೆಂದು ನನ್ನ ದಿನಚರಿ ಹೇಳುತ್ತದೆ. ದಿನಚರಿಯನ್ನೇ ನಂಬುತ್ತೇನೆ, ಪೂರ್ತಿ ಅಲ್ಲ.

ಮರುವರ್ಷ ಕಿತ್ತೂರಿನಲ್ಲಿ ಸವದತ್ತಿಯ ಎದುರು ಹೀನಾಯವಾಗಿ ಸೋತೆವು. ಅಲ್ಲಿಂದ ಮೂರು ವಾರ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಅದೇ ಮಾತು. ಕ್ಷೌರದಂಗಡಿಯವರೂ ಕರೆಂಟ್ ಸಾಮಾನಿನ ಅಂಗಡಿಯವರೂ ದಿನಾ ಸಂಜೆ ಜಗಳಕ್ಕೆ ಕೂರುತ್ತಿದ್ದರು.

"ಒಂಬತ್ತು ನಂಬರ್ ಇದ್ದಿದ್ರ ಸವದತ್ತಿ ಮಂದಿ ಹಂಗ ಒಳಗ ನುಗ್ಗತಿದ್ರೇನು?" ಎಂದರು ಕ್ಷೌರದಂಗಡಿಯವರು.

"ಇದ್ದಾಗ ಅಂವನ್ನ ಮರ ಅಂತ ಬೈದಾಂವ ನೀನಽ ಅಲ್ಲೇನು?"

"ಬೈದಿದ್ದು ಖರೆ. ಮರ ಕಡದಮ್ಯಾಲೆ ನೆತ್ತಿ ಸುಡಾಕ ಹತ್ತೇತಿ ನೋಡು."

"ಬೈಲಹೊಂಗಲದವರು ಏನರ ಆಸೆ ತೋರಿಸಿರಬೇಕು ತಗೋ."

"ಎಂಥಾ ಆಸೆ? ಐದರಾಗ ಒಂದು ಜಾಗಾ ಕೊಟ್ರು, ಅಷ್ಟಽ. ಅದು ನಮ್ಮ ಕಡಿಂದ ಆಗಲಿಲ್ಲ."

"ಕೊಡಾಕ ಅಂವಾ ಏನ್ ಮಾಡಿದ್ದ ಹೇಳು? ಒಂದ ಸಲಾನರ ಮೈಕಿನ್ಯಾಗ ಅಂವನ ನಂಬರ್ ಬಂತೇನು? ಕೇಳು, ಕಾಕಾ ಇಲ್ಲೇ ಅದಾರ."

ಕಾಕಾ ಬಸಿಯಲ್ಲಿ ಚಹಾ ಸುರುವಿಕೊಳ್ಳುತ್ತಿದ್ದರು. ಅದನ್ನು ಪೂರ್ತಿ ಕುಡಿದು ಬಸಿ ಕೆಳಗಿಟ್ಟರು.

"ಬರಲಿಲ್ಲ. ನಾ ಕೂಗಲಿಲ್ಲ, ಅದಕ್ಕ ಬರಲಿಲ್ಲ," ಎಂದರು. "ಇಪ್ಪತ್ತೇಳು ವರ್ಷ ಗಾಡಿ ಬಂತು ಅಂತ ಒದರಿದೆ, ಗಾಡಿ ಹೋತು ಅಂತ ಒದರಿದೆ. ಇವತ್ತ ಯಾವ ಗಾಡೀನೂ ಪಲ್ಟಿ ಆಗಲಿಲ್ಲ ಅಂತ ಒಂದಿನಾನೂ ಒದರಲಿಲ್ಲ. ಡ್ರೈವರ್ ಮಂದಿ ಅದನ್ನಽ ಮಾಡತಿದ್ರು, ದಿನಾ."

ಕರೆಂಟ್ ಸಾಮಾನಿನವರು, "ಏ ಕಾಕಾ, ಆಗದಿದ್ದದ್ದನ್ನ ಹೆಂಗ ಒದರತೀಯೋ?" ಎಂದು ನಕ್ಕರು. ಕಾಕಾ ನಗಲಿಲ್ಲ.

ಮನೆಗೆ ನಡೆಯುವಾಗ ನನಗೆ ಹೇಳಿದರು: "ತಮ್ಮಾ, ಮುಂದಿನ ವರ್ಷ ನಮ್ಮೂರಾಗ ಆಟ ಐತಿ. ಅಂವಾ ಬರತಾನ. ನಾ ಕೂಗಾಂವ."

"ಕಾಕಾ, ಅಂವಾ ನಮ್ಮ ಎದುರಿಗೆ ಆಡತಾನ."

"ಆಡ್ಲಿ. ಸವದತ್ತಿ ಗಾಡಿ ಬಂದ್ರೂ ಒದರೇನಿ, ಬೈಲಹೊಂಗಲ ಗಾಡಿ ಬಂದ್ರೂ ಒದರೇನಿ. ಅಂವನ ಮೂರು ವರ್ಷ ನಾ ನುಂಗಿ ಕುಂತೇನಿ. ಒಂದು ದಿನಾರ ಕೂಗಬೇಕು."

ಅವರು ತಮಾಷೆ ಮಾಡುತ್ತಿದ್ದಾರೆಂದು ನಾನು ತಿಳಿದೆ. ಅಥವಾ ಹಾಗೆ ತಿಳಿಯುವುದು ಅನುಕೂಲವಾಗಿತ್ತು.

ಮರುವರ್ಷ ನಮ್ಮ ಮೈದಾನದಲ್ಲಿ ನಮಗೂ ಬೈಲಹೊಂಗಲಕ್ಕೂ ಆಟ ಬಿತ್ತು. ಅವನು ಅಲ್ಲೂ ಒಂಬತ್ತನೇ ನಂಬರಿನ ಅಂಗಿಯನ್ನೇ ಹಾಕಿದ್ದ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ನಮ್ಮ ಆರು ನಂಬರಿನವನು ಚೆಂಡು ಹಿಡಿದು ಮೇಲೆದ್ದ. ಇವನ ಕೈ ಅಡ್ಡ ಬಂತು. ಚೆಂಡು ಹೊರಗೆ ಉರುಳಿತು. ಕಾಕಾ ಕಿವಿ ಒತ್ತಿ ಹಿಡಿದರು.

"ಪ್ರೇಕ್ಷಕರ ಗಮನಕ್ಕೆ! ಬೈಲಹೊಂಗಲ, ಒಂಬತ್ತು ನಂಬರ್. ತಡೆದಾನ!"

ಮೆಟ್ಟಿಲುಗಳ ಮೇಲಿನವರು ನಕ್ಕರು. ಎರಡನೆಯ ಸಲ ಕೂಗಿದಾಗ ಸಿಳ್ಳೆ ಬಿದ್ದವು. "ಕಾಕಾ, ಪಿಂಚಣಿ ಬೈಲಹೊಂಗಲದಾಗ ತಗೋತಿಯೇನು?" ಎಂದು ಯಾರೋ ಕೂಗಿದರು. ಮೂರನೆಯ ಸಲ ಒಂದು ಚಪ್ಪಲಿ ಬಂದು ನಮ್ಮ ಮೇಜಿನ ಕಾಲಿಗೆ ಬಡಿಯಿತು. ಕಾಕಾ ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು. ಪಡಸಾಲೆಯಿಂದ ಅಧ್ಯಕ್ಷರು ಎದ್ದು ಬಿಸಿಲಿಗೆ ಬಂದರು. ಆಟದ ದಿನ ಅವರನ್ನು ಬಿಸಿಲಿನಲ್ಲಿ ನಾನು ನೋಡಿದ್ದು ಅದೊಂದೇ ಸಲ. ಅವರು ಕಾಕಾರ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿ ಎರಡು ಬೆರಳಿನಿಂದ ಗುಂಡಿ ತಿರುಗಿಸಿದಂತೆ ಸನ್ನೆ ಮಾಡಿದರು.

ಮೈಕಿನ ಪೆಟ್ಟಿಗೆ ನನ್ನ ಮೊಣಕಾಲಿನ ಹತ್ತಿರವಿತ್ತು.

ನಾಲ್ಕನೆಯ ಸಲ ಅವನು ತಡೆದ. ಕಾಕಾರ ಅಂಗೈ ಕಿವಿಗೆ ಹೋಯಿತು. "ಪ್ರೇಕ್ಷಕರ ಗಮ..." ಎನ್ನುವಷ್ಟರಲ್ಲಿ ನಾನು ಗುಂಡಿ ತಿರುಗಿಸಿದೆ.

ಅವರು ನಿಲ್ಲಿಸಲಿಲ್ಲ. ಊರು, ನಂಬರ್, ತಡೆದಾನ, ಎಲ್ಲವನ್ನೂ ಬರೀ ಗಂಟಲಲ್ಲಿ ಪೂರ್ತಿ ಹೇಳಿದರು. ಗದ್ದಲದಲ್ಲಿ ಕೇಳಿಸಿದ್ದು ನನಗೊಬ್ಬನಿಗೇ ಇರಬೇಕು. ಆಮೇಲೆ ತಿರುಗಿ ನನ್ನ ಕೈಯನ್ನು ನೋಡಿದರು. ಮುಖವನ್ನಲ್ಲ. ಮೈಕನ್ನು ಮೇಜಿನ ಮೇಲೆ ಮಲಗಿಸಿ, ಆಟ ಮುಗಿಯುವವರೆಗೆ ಅಲ್ಲೇ ಕೂತರು. ಆ ಆಟದಲ್ಲಿ ಅವನು ಇನ್ನೂ ಎಷ್ಟು ಸಲ ತಡೆದನೆಂದು ಗೊತ್ತಿಲ್ಲ. ನಾನು ತಲೆ ಎತ್ತಲಿಲ್ಲ.

ಆ ದಿನದ ದಿನಚರಿಯಲ್ಲಿ ಹೀಗಿದೆ: "ಸೋತೆವು. ಆರು ಪಾಯಿಂಟ್. ಬಿಸಿಲು ಬಹಳ." ಇಷ್ಟೇ. ಕಾಕಾ ಒಂದು ಅಕ್ಷರದಲ್ಲೂ ಇಲ್ಲ.

ಮೈಕು ಮತ್ತೆ ಅವರ ಕೈಗೆ ಬರಲಿಲ್ಲ. ಬಾ ಎಂದು ಯಾರೂ ಕರೆಯಲಿಲ್ಲ, ಅವರೂ ಕೇಳಲಿಲ್ಲ. ಸಂಜೆಯ ಅಭ್ಯಾಸದ ಆಟಗಳಿಗೂ ಬಂದು ಮೆಟ್ಟಿಲಿನ ಮೇಲೆ, ಬಿಸಿಲಿನಲ್ಲೇ, ತಲೆಗೆ ಟವೆಲ್ ಹಾಕಿಕೊಂಡು ಕೂರುತ್ತಿದ್ದರು. ಕಂಡಾಗಲೆಲ್ಲ ಮೊದಲಿನಂತೆಯೇ ಚಹಾಕ್ಕೆ ಕರೆಯುತ್ತಿದ್ದರು. ಆ ಗುಂಡಿಯ ವಿಷಯ ಅವರು ಎತ್ತಲಿಲ್ಲ. ನಾನು ಎತ್ತಬೇಕೆಂದು ಎಷ್ಟೋ ಸಲ ಹೊರಟು ಚಹಾ ಕುಡಿದು ಬಂದೆ. ಪಾಯಿಂಟ್ ಪುಸ್ತಕದಲ್ಲಿ ಮಾತ್ರ, ತಡೆದದ್ದನ್ನು ಬರೆಯಲು ಹೊಸದೊಂದು ಗೆರೆ ಎಳೆದುಕೊಂಡೆ. ಅದನ್ನು ಅವರಿಗೆ ತೋರಿಸಲೇ ಇಲ್ಲ.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಹಾಗೇ ಕುಸಿದರು. ನಾನು ಹೋದಾಗ ಹಣೆಗೆ ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಅಳು ಬರಬಹುದೆಂದು ಕಾದೆ. ಬರಲಿಲ್ಲ. ಬಾಗಿಲ ಬಳಿ ಬಿದ್ದ ಚಪ್ಪಲಿಗಳನ್ನು ಜೋಡಿಸುತ್ತ ನಿಂತೆ.

ಮಣ್ಣಿಗೆ ಒಂಬತ್ತು ನಂಬರಿನವನೂ ಬಂದಿದ್ದ, ಬೈಲಹೊಂಗಲದಿಂದ, ಗ್ಯಾರೇಜಿನ ಎಣ್ಣೆಯ ಅಂಗಿಯಲ್ಲೇ. ಮಣ್ಣು ಮುಗಿಸಿ ಬಂದು ನಾವಿಬ್ಬರೂ ಮನೆಯ ಹೊರಗಿನ ನಲ್ಲಿಯ ಹತ್ತಿರ ಕಾಲು ತೊಳೆಯಲು ನಿಂತೆವು. ಅವನು ಚರಿಗೆಯಲ್ಲಿ ನೀರು ಹಿಡಿಯುತ್ತಿದ್ದ.

"ಸರ, ಅವತ್ತ ಕಾಕಾ ನನ್ನ ನಂಬರ್ ಕೂಗಿದ್ರಲ್ಲ," ಎಂದ. "ನಾ ಮೊದಲ ತಪ್ಪಿ ಕೂಗ್ಯಾರ ಅನಕೊಂಡೆ. ಮೂರು ಸಲ ಕೇಳಿಸ್ತು. ಆಮ್ಯಾಲೆ ಕೇಳಿಸಲಿಲ್ಲ."

"ಆಮ್ಯಾಲೆ ನಾ ಮೈಕ್ ಬಂದ್ ಮಾಡಿದೆ," ಎಂದೆ. ಇಷ್ಟು ಸಲೀಸಾಗಿ ಬಾಯಿಂದ ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು.

ಅವನು ನಲ್ಲಿ ನಿಲ್ಲಿಸಿದ.

"ನೀವು? ಆಟ ಮುಗದ ಮ್ಯಾಲೆ ನಾನಽ ಹೋಗಿ ಕೇಳಿದ್ನಲ್ಲ ಕಾಕಾನ್ನ. ಮೈಕಿನ ವಯರ್ ಸುಟ್ಟಿತ್ತಪಾ, ಮಾಸ್ತರ ಪಾಪ ಭಾಳ ಒದ್ದಾಡಿದ, ಹತ್ತಲಿಲ್ಲ ಅಂದ್ರು."

ಅವನು ಚರಿಗೆ ಎತ್ತಿಕೊಂಡ. ಆಮೇಲೆ ಬಾಗಿ ನನ್ನ ಕಾಲಿನ ಮೇಲೆ ನೀರು ಸುರಿದ.